ತೆರೆಯ ಮೇಲೆ ಸಪ್ ಬೋರ್ಡ್ ತಿರುಗಿಸುವುದು ಹೇಗೆ? ಕಾಸರಗೋಡಿನ ಕಡಲಿಗೆ ಇಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ನೀಲೇಶ್ವರದವರೆಗೆ ನಮ್ಮ ಜಿಲ್ಲೆಯಲ್ಲಿ ಕಡಲಿಗೆ ಬರವಿಲ್ಲ, ಹಿನ್ನೀರಿಗೂ ಬರವಿಲ್ಲ. ಹೊಳೆಯಲ್ಲಿ ಸಪ್, ಅಂದರೆ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಮೇಲೆ ನಿಂತು ಓಡಾಡಲು ಕಲಿತವರು ಒಂದು ದಿನ ಕಡಲಿಗೆ ಬರುತ್ತಾರೆ. ತೆರೆ ಹಿಡಿಯುವುದು ಬೇಗ ಬರುತ್ತದೆ. ಆಮೇಲೆ ಬೋರ್ಡ್ ನೇರ ದಡಕ್ಕೆ ಓಡಿ ಮರಳಿಗೆ ತಾಗುತ್ತದೆ, ಅಷ್ಟೇ. ತಿರುಗಿಸಲು ಹೋದರೆ ನೀರಿಗೆ ಬೀಳುತ್ತಾರೆ. ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ಯಾಡಲ್‌ಗೆ ಹುಟ್ಟು ಎಂದೇ ಬರೆಯುತ್ತೇನೆ. ಉಳಿದ ಹೆಸರುಗಳು ಸರ್ಫರ್‌ಗಳು ಹೇಳುವ ಹಾಗೆಯೇ ಇವೆ.

ಸಪ್ ಸರ್ಫಿಂಗ್ ಅಂದರೆ ಏನು? ಸಾಮಾನ್ಯ ಸರ್ಫಿಂಗ್‌ಗಿಂತ ಹೇಗೆ ಬೇರೆ?

ಸಾಮಾನ್ಯ ಸರ್ಫಿಂಗ್‌ನಲ್ಲಿ ಬೋರ್ಡ್ ಮೇಲೆ ಕವುಚಿ ಮಲಗಿ ಕೈಯಿಂದ ಈಜಿ, ತೆರೆ ಎತ್ತಿದಾಗ ಎದ್ದು ನಿಲ್ಲುತ್ತಾರೆ. ಸಪ್‌ನಲ್ಲಿ ಮೊದಲಿನಿಂದಲೂ ನಿಂತೇ ಇರುತ್ತೀರಿ, ಕೈಯಲ್ಲಿ ಉದ್ದದ ಹುಟ್ಟು ಇರುತ್ತದೆ. ಇದರ ಬೇರು ಹವಾಯಿಯಲ್ಲಿದೆ. ವೈಕಿಕಿಯಲ್ಲಿ ಸರ್ಫಿಂಗ್ ಕಲಿಸುತ್ತಿದ್ದವರು ಹಿಂದೆಯೇ ಹೀಗೆ ನಿಂತು ಹೋಗುತ್ತಿದ್ದರು. ಸರ್ಫರ್‌ಗಳಾದ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಅವರಿಂದಾಗಿ ಈಚಿನ ದಶಕಗಳಲ್ಲಿ ಇದು ಜಗತ್ತಿಗೆಲ್ಲ ಹಬ್ಬಿತು. ನಿಂತೇ ಇರುವುದರಿಂದ ದೂರದ ತೆರೆ ಬೇಗ ಕಾಣುತ್ತದೆ. ಆದರೆ ಬೋರ್ಡ್ ದೊಡ್ಡದು, ದಪ್ಪ, ಭಾರ. ತಿರುಗಿಸುವ ಕಷ್ಟ ಅಲ್ಲಿಂದ ಶುರುವಾಗುತ್ತದೆ.

ಹೊಳೆಯಲ್ಲಿ ಚೆನ್ನಾಗಿಯೇ ತಿರುಗಿಸುತ್ತೇನೆ. ತೆರೆಯ ಮೇಲೆ ಯಾಕೆ ಆಗುವುದಿಲ್ಲ?

ಎರಡೂ ಬೇರೆ ಬೇರೆ ಕೆಲಸ. ಹೊಳೆಯಲ್ಲಿ ಬೋರ್ಡ್ ತಿರುಗುವುದು ಹುಟ್ಟಿನ ಬಲದಿಂದ. ಬಲಗಡೆ ದೊಡ್ಡದಾಗಿ ಅರ್ಧ ಸುತ್ತು ನೀರು ಎಳೆದರೆ ಮೂತಿ ಎಡಕ್ಕೆ ಹೋಗುತ್ತದೆ. ತೆರೆಯ ಮೇಲೆ ಬೋರ್ಡ್ ತಾನೇ ಓಡುತ್ತಿರುತ್ತದೆ. ಆ ಓಟದಲ್ಲಿ ಬರೀ ಹುಟ್ಟಿನಿಂದ ಎಳೆದರೆ ಬೋರ್ಡ್ ಸರಿಯಾಗಿ ತಿರುಗುವುದಿಲ್ಲ. ಅಲ್ಲಿ ತಿರುಗಿಸುವುದು ಬೋರ್ಡಿನ ಅಂಚು, ಅಂದರೆ ರೈಲ್. ಪಾದದಿಂದ ಒಂದು ಬದಿಗೆ ಭಾರ ಕೊಟ್ಟರೆ ಆ ಬದಿಯ ರೈಲ್ ನೀರಿಗೆ ಇಳಿಯುತ್ತದೆ. ಬೋರ್ಡಿನ ಅಂಚು ಬಾಗಿದೆಯಲ್ವಾ, ಆ ಬಾಗಿನಲ್ಲೇ ಬೋರ್ಡ್ ಹರಿಯುತ್ತದೆ.

ಹಾಗಾದರೆ ಹುಟ್ಟು ಯಾಕೆ? ಓಡಿಬಂದ ಮಕ್ಕಳು ಜಗಲಿಯ ಕಂಬ ಹಿಡಿದು ಗರಕ್ಕನೆ ತಿರುಗುವುದನ್ನು ನೋಡಿರುತ್ತೀರಿ. ಕಂಬ ಮಗುವನ್ನು ತಿರುಗಿಸುವುದಿಲ್ಲ, ಹಿಡಿದು ತಿರುಗಲು ಒಂದು ಆಧಾರ ಕೊಡುತ್ತದೆ. ಹುಟ್ಟಿನ ಕೆಲಸವೂ ಅದೇ. ಈ ಒಂದು ಮಾತು ತಲೆಗೆ ಹೋದರೆ ಕೆಳಗಿನದ್ದೆಲ್ಲ ಸುಲಭ: ಕಾಲು ತಿರುಗಿಸುತ್ತದೆ, ಹುಟ್ಟು ಆತುಕೊಳ್ಳಲು.

ಕಾಲು ಹೇಗೆ ಇಡಬೇಕು?

ಹೊಳೆಯಲ್ಲಿ ಎರಡೂ ಪಾದ ಅಕ್ಕಪಕ್ಕ, ಬೆರಳು ಮುಂದಕ್ಕೆ ಇಟ್ಟು ನಿಲ್ಲುತ್ತೀರಿ. ತೆರೆ ಎತ್ತಿದ ಮೇಲೆ ಹಾಗೆ ನಿಂತರೆ ರೈಲ್ ಮೇಲೆ ಭಾರ ಹಾಕಲು ಆಗುವುದಿಲ್ಲ. ಒಂದು ಕಾಲು ಹಿಂದಕ್ಕೆ ಹೋಗಬೇಕು, ಪಾದ ಅಡ್ಡ ತಿರುಗಬೇಕು. ಹಿಂದಿನ ಪಾದ ಫಿನ್‌ಗಳ (ಬೋರ್ಡಿನ ಅಡಿಯಲ್ಲಿ ಬಾಲದ ಬಳಿ ಇರುವ ರೆಕ್ಕೆಗಳ) ಮೇಲೆ ಅಥವಾ ಅದರ ಹತ್ತಿರ ಬಂದರೆ ಬೋರ್ಡ್ ಮಾತು ಕೇಳುತ್ತದೆ. ಮುಂದಿನ ಪಾದ ಭುಜದ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿ, ಬೋರ್ಡಿನ ನಡುಗೆರೆಯ ಮೇಲೆ.

ಒಂದೇ ಸಲ ಹಾರಿ ಕಾಲು ಬದಲಿಸುವುದು ಬೇಡ. ತೆರೆ ಹಿಡಿಯಲು ಕೊನೆಯ ನಾಲ್ಕಾರು ಹುಟ್ಟು ಹಾಕುವಾಗಲೇ ಒಂದು ಕಾಲನ್ನು ಅರ್ಧ ಹೆಜ್ಜೆ ಹಿಂದಿಡಿ. ಬೋರ್ಡ್ ಜಾರಲು ಶುರುವಾದ ಮೇಲೆ ಪಾದವನ್ನು ಮೇಲೆತ್ತದೆ ಹಿಂದಕ್ಕೆ ಜಾರಿಸಿ. ಮೊಣಕಾಲು ಬಾಗಿರಲಿ. ಸೊಂಟ ಬಾಗಿಸಿ ಕಾಲು ನೆಟ್ಟಗೆ ಇಟ್ಟರೆ ಬೀಳುವುದು ಖಂಡಿತ. ಹೊಸಬರಲ್ಲಿ ಮುಕ್ಕಾಲು ಪಾಲು ಜನ ಬೀಳುವುದು ಇದೇ ಕಾರಣಕ್ಕೆ ಅಂತ ನನಗನಿಸುತ್ತದೆ.

ನಾನು ಎಡಗಾಲು ಮುಂದಿಡುತ್ತೇನೆ. ನನಗೆ ಯಾವ ಕಡೆಗೆ ತಿರುಗುವುದು ಸುಲಭ?

ಎಡಗಾಲು ಮುಂದೆ ಇದ್ದರೆ ರೆಗ್ಯುಲರ್, ಬಲಗಾಲು ಮುಂದೆ ಇದ್ದರೆ ಗೂಫಿ. ಎರಡರಲ್ಲಿ ಮೇಲು ಕೀಳು ಇಲ್ಲ.

ನಮ್ಮ ಕಡಲು ಪಡುವಣಕ್ಕಿದೆ. ದಡಕ್ಕೆ ಮುಖ ಮಾಡಿದರೆ ಬಲಗಡೆ ತೆಂಕು, ಎಡಗಡೆ ಬಡಗು. ಕುಂಬಳೆಯಲ್ಲಿದ್ದೀರಿ ಎಂದುಕೊಳ್ಳಿ. ತೆರೆ ಹಿಡಿದು ತೆಂಕಿಗೆ, ಅಂದರೆ ಕಾಸರಗೋಡಿನ ಕಡೆಗೆ ತಿರುಗಿದರೆ ರೆಗ್ಯುಲರ್‌ನವರ ಮುಖ ತೆರೆಯ ಕಡೆಗೆ ಇರುತ್ತದೆ. ಇದು ಫ್ರಂಟ್‌ಸೈಡ್. ಬಡಗಿಗೆ, ಮಂಜೇಶ್ವರದ ಕಡೆಗೆ ತಿರುಗಿದರೆ ಬೆನ್ನು ತೆರೆಗೆ. ಇದು ಬ್ಯಾಕ್‌ಸೈಡ್. ಗೂಫಿಯವರಿಗೆ ಇದು ತಿರುವುಮುರುವು. ತೆರೆ ಕಾಣುತ್ತಿರುವ ಕಾರಣ ಫ್ರಂಟ್‌ಸೈಡ್ ಎಲ್ಲರಿಗೂ ಸುಲಭ.

ಆದರೆ ನೈಋತ್ಯದಿಂದ ಓರೆಯಾಗಿ ಬರುವ ತೆರೆ ನಮ್ಮ ದಡದಲ್ಲಿ ಬಡಗಿಗೆ ಮುರಿಯುತ್ತ ಹೋಗುವುದು ಜಾಸ್ತಿ. ಅಡಿಯ ಮರಳ ದಿಣ್ಣೆ ಹೇಗಿದೆ ಎಂಬುದರ ಮೇಲೂ ಅದು ನಿಂತಿದೆ, ಆದರೂ ಸಾಮಾನ್ಯವಾಗಿ ಹೀಗೆ. ಹಾಗಾಗಿ ಎಡಗಾಲಿನವರು ತೆರೆಗೆ ಬೆನ್ನು ಹಾಕಿ ತಿರುಗುವುದನ್ನು ಕಲಿಯದೆ ವಿಧಿಯಿಲ್ಲ.

ತಿರುಗುವಾಗ ಹುಟ್ಟು ಯಾವ ಬದಿಯಲ್ಲಿರಬೇಕು?

ಮೊದಲ ನಿಯಮ: ಯಾವ ಕಡೆಗೆ ತಿರುಗುತ್ತೀರೋ ಆ ಬದಿಯಲ್ಲಿ. ತಿರುವಿನ ಒಳಬದಿಗೆ ಮೈ ವಾಲುತ್ತದೆ, ಆದ್ದರಿಂದ ಆಸರೆಯೂ ಅಲ್ಲೇ ಬೇಕು. ಬ್ಲೇಡ್, ಅಂದರೆ ಹುಟ್ಟಿನ ಅಗಲವಾದ ತುದಿ, ನೀರಿನ ಮೇಲೆ ಚಪ್ಪಟೆಯಾಗಿ ಸವರಿಕೊಂಡು ಬರಲಿ, ಮುಂದಿನ ಅಂಚು ತುಸು ಮೇಲೆ ಇರಲಿ. ಆ ಅಂಚು ಕೆಳಗಾದರೆ ಬ್ಲೇಡ್ ನೀರಿಗೆ ನುಗ್ಗುತ್ತದೆ, ಹುಟ್ಟು ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ.

ಈ ನಿಯಮಕ್ಕೆ ವಿನಾಯಿತಿ ಇದೆ. ಹೊರಬದಿಯಲ್ಲಿ ಒಂದು ಉದ್ದ ಎಳೆತ ಹಾಕಿಯೂ ಮೂತಿಯನ್ನು ತಳ್ಳಬಹುದು. ಅದು ಬ್ಯಾಕ್‌ಸೈಡ್ ಪ್ರಶ್ನೆಯಲ್ಲಿ ಬರುತ್ತದೆ.

ತೆರೆ ಬರುತ್ತಿದೆ, ಬೋರ್ಡ್ ಇನ್ನೂ ಕಡಲಿನ ಕಡೆಗೇ ಮುಖ ಮಾಡಿದೆ. ಬೇಗ ತಿರುಗಿಸುವುದು ಹೇಗೆ?

ಇದಕ್ಕೆ ಪಿವಟ್ ಟರ್ನ್. ಒಂದು ಕಾಲನ್ನು ಬಾಲದ ಕಡೆಗೆ ದೊಡ್ಡ ಹೆಜ್ಜೆ ಇಡಿ, ಭಾರ ಹಿಂದಕ್ಕೆ ಹಾಕಿ. ಬಾಲ ಮುಳುಗುತ್ತದೆ, ಮೂತಿ ನೀರಿನಿಂದ ಏಳುತ್ತದೆ. ಈಗ ನೀರಿನಲ್ಲಿರುವ ಬೋರ್ಡ್ ಅರ್ಧ ಮಾತ್ರ, ಹಾಗಾಗಿ ಎರಡು ಮೂರು ಅಗಲವಾದ ಎಳೆತಕ್ಕೆ ಪೂರಾ ಸುತ್ತಿಬಿಡುತ್ತದೆ. ಸುತ್ತಿದ ಕೂಡಲೇ ಕಾಲು ಮುಂದೆ ತಂದು ಹುಟ್ಟು ಹಾಕಲು ಶುರುಮಾಡಿ.

ಕಲಿಯಲು ಹಿನ್ನೀರೇ ಸರಿ. ಶಿರಿಯ, ಮೊಗ್ರಾಲ್ ಹೊಳೆಗಳ ಕೆಳಭಾಗ, ಚಂದ್ರಗಿರಿಯ ಅಗಲವಾದ ಪಾತ್ರ, ತೆಂಕಿನಲ್ಲಿ ವಲಿಯಪರಂಬದ ಹಿನ್ನೀರು ಎಲ್ಲವೂ ಆಗುತ್ತವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಹೋಗಿ. ಎರಡೂ ಕಡೆಗೆ ಸುತ್ತಲು ಬರಬೇಕು. ಒಂದೇ ಕಡೆಗೆ ಬಂದರೆ ಅರ್ಧ ತೆರೆಗಳನ್ನು ಸುಮ್ನೆ ಬಿಟ್ಟುಕೊಡುತ್ತೀರಿ.

ಹುಟ್ಟಿನ ಕೈ ಬದಲಿಸದೆ ಬೋರ್ಡಿನ ಮೂತಿಯ ಮೇಲಿಂದ ಬ್ಲೇಡನ್ನು ಆಚೆಗೆ ದಾಟಿಸಿ ಎಳೆಯುವುದು ಇನ್ನೊಂದು ದಾರಿ. ಇದು ಕ್ರಾಸ್ ಬೋ. ನಿಧಾನ, ಆದರೆ ಸ್ಥಿರ. ಚಿಕ್ಕ ತೆರೆಗೆ ಸಾಕು.

ಬಾಟಮ್ ಟರ್ನ್ ಅಂದರೆ ಏನು? ಎಲ್ಲರೂ ಅದನ್ನೇ ಮೊದಲು ಕಲಿ ಅನ್ನುತ್ತಾರೆ.

ಸರಿಯಾಗಿಯೇ ಹೇಳುತ್ತಾರೆ. ತೆರೆಯ ಇಳಿಜಾರಿನಲ್ಲಿ ಜಾರಿ ಬುಡಕ್ಕೆ ಬಂದು, ಅಲ್ಲಿಂದ ಮತ್ತೆ ಮೇಲಕ್ಕೆ ತಿರುಗುವುದೇ ಬಾಟಮ್ ಟರ್ನ್. ತೆರೆಯ ಮೇಲೆ ನಂತರ ಏನು ಮಾಡುವುದಿದ್ದರೂ ಅದರ ವೇಗ ಇಲ್ಲಿಂದಲೇ ಬರಬೇಕು. ಇದು ಕೆಟ್ಟರೆ ಮುಂದಿನದ್ದು ಯಾವುದೂ ಆಗುವುದಿಲ್ಲ. ನಾನಾದರೆ ಒಂದು ಇಡೀ ಸೀಸನ್ ಇದಕ್ಕೇ ಕೊಡಿ ಅನ್ನುತ್ತೇನೆ.

ಫ್ರಂಟ್‌ಸೈಡ್‌ನಲ್ಲಿ ಹೀಗೆ. ತೆರೆ ಹಿಡಿಯುವಾಗಲೇ ಬೋರ್ಡ್ ಪೂರ್ತಿ ದಡಕ್ಕೆ ನೇರ ಇರದೆ ಹೋಗಬೇಕಾದ ಕಡೆಗೆ ತುಸು ಓರೆಯಾಗಿರಲಿ. ಜಾರುವಾಗ ಅವಸರ ಮಾಡಬೇಡಿ. ಹೆಚ್ಚಿನವರು ಇಳಿಜಾರಿನ ನಡುವೆಯೇ ತಿರುಗಿಸಲು ಹೋಗುತ್ತಾರೆ. ವೇಗ ಇನ್ನೂ ಬಂದಿರುವುದಿಲ್ಲ, ರೈಲ್ ಹಿಡಿಯುವುದಿಲ್ಲ, ಬೋರ್ಡ್ ಅಡ್ಡವಾಗಿ ಜಾರುತ್ತದೆ. ಬುಡದ ಸಮತಟ್ಟು ನೀರು ಬೋರ್ಡಿನ ಮೂತಿಗೆ ತಾಗುವವರೆಗೆ ಕಾಯಿರಿ.

ಅಲ್ಲಿ ಮೊಣಕಾಲು ಇನ್ನಷ್ಟು ಬಾಗಲಿ. ಕಣ್ಣು ಎಲ್ಲಿದೆ? ಬೋರ್ಡಿನ ಮೂತಿಯ ಮೇಲೆ ಇದ್ದರೆ ಅಲ್ಲಿಂದ ಎತ್ತಿ. ತೆರೆಯ ತುದಿಯಲ್ಲಿ ಎಲ್ಲಿಗೆ ಏರಬೇಕೋ ಆ ಜಾಗವನ್ನೇ ನೋಡಿ. ಕಣ್ಣು ಹೋದ ಕಡೆ ತಲೆ, ತಲೆಯ ಹಿಂದೆ ಭುಜ, ಆಮೇಲೆ ಸೊಂಟ, ಕೊನೆಗೆ ಬೋರ್ಡ್. ಈ ಸರಣಿ ತಲೆಕೆಳಗಾದರೆ ತಿರುವು ಕೂಡುವುದಿಲ್ಲ.

ಈಗ ಹುಟ್ಟು. ಕಾಲ್ಬೆರಳ ಬದಿಯಲ್ಲಿ, ಮುಂದಿನ ಪಾದದ ನೇರಕ್ಕೆ, ಬೋರ್ಡಿನಿಂದ ಒಂದು ಕೈ ದೂರದಲ್ಲಿ ಬ್ಲೇಡ್ ನೀರಿಗೆ ತಾಗಲಿ. ಮೇಲಿನ ಕೈ ಎದೆಯ ಮಟ್ಟಕ್ಕೆ ಇಳಿಯಬೇಕು. ಅದು ತಲೆಯ ಮೇಲೆಯೇ ಉಳಿದರೆ ಹುಟ್ಟು ನೆಟ್ಟಗೆ ನಿಂತು ನೀರನ್ನು ಕೊರೆಯುತ್ತದೆ, ವೇಗ ಕಡಿಮೆಯಾಗುತ್ತದೆ. ಬೆರಳುಗಳ ಮೇಲೆ ಭಾರ ಹಾಕಿ ಒಳಕ್ಕೆ ವಾಲಿ, ಮೈಯ ಸ್ವಲ್ಪ ಭಾರ ಬ್ಲೇಡಿನ ಮೇಲೂ ಬರಲಿ. ಸರಿಯಾಗಿ ಆದರೆ ಕೈಗೆ ಗೊತ್ತಾಗುತ್ತದೆ: ಬ್ಲೇಡಿನ ಕೆಳಗೆ ನೀರು ಗಟ್ಟಿಯಾಗುತ್ತದೆ, ಸಣ್ಣಗೆ ಅದುರುತ್ತದೆ, ಆತುಕೊಂಡರೆ ತಡೆಯುತ್ತದೆ. ಬೋರ್ಡ್ ಮೇಲಕ್ಕೆ ತಿರುಗಲು ಶುರುವಾದಾಗ ಬಾಗಿದ ಮೊಣಕಾಲನ್ನು ನಿಧಾನ ಬಿಡಿಸಿ. ಆ ತಳ್ಳುವಿಕೆಯೇ ನಿಮ್ಮನ್ನು ತೆರೆಯ ಮೇಲಕ್ಕೆ ಕಳಿಸುತ್ತದೆ.

ಮೊಣಕಾಲಿನಿಂದ ಸೊಂಟದ ಎತ್ತರದ ತೆರೆ ಇದಕ್ಕೆ ಸಾಕು.

ತೆರೆಗೆ ಬೆನ್ನು ಹಾಕಿ ತಿರುಗುವಾಗ ಹುಟ್ಟು ಎಲ್ಲಿಡಬೇಕು ಅಂತಲೇ ಗೊತ್ತಾಗಲ್ಲ.

ಇದು ನಿಜಕ್ಕೂ ಕಷ್ಟದ ಜಾಗ. ಒಳಬದಿಯ ನಿಯಮ ಹಿಡಿದರೆ ಹುಟ್ಟು ಹಿಮ್ಮಡಿಯ ಬದಿಗೆ, ಅಂದರೆ ಬೆನ್ನ ಹಿಂದಕ್ಕೆ ಹೋಗಬೇಕು. ಅದಕ್ಕೆ ಮೈಯ ಮೇಲ್ಭಾಗವನ್ನು ಪೂರಾ ತಿರುಗಿಸಬೇಕು. ಪಳಗಿದವರು ಹಾಗೆಯೇ ಮಾಡುತ್ತಾರೆ, ನೋಡಲೂ ಚೆಂದ.

ಕಲಿಯುವವರಿಗೆ ನಾನು ಹೇಳುವುದು ಬೇರೆ. ಹುಟ್ಟು ಬೆರಳ ಬದಿಯಲ್ಲೇ ಇರಲಿ. ಬುಡಕ್ಕೆ ಬಂದಾಗ ಹಿಮ್ಮಡಿಯ ಮೇಲೆ ಭಾರ ಹಾಕುತ್ತ, ಮುಂದಿನ ಭುಜದ ಮೇಲಿಂದ ತೆರೆಯ ತುದಿ ನೋಡುತ್ತ, ಹೊರಬದಿಯಲ್ಲಿ ಒಂದು ಅಗಲವಾದ ಎಳೆತ ಹಾಕಿ. ಅದು ಮೂತಿಯನ್ನು ತೆರೆಯ ಕಡೆಗೆ ತಳ್ಳುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ತೆರೆಯ ಮೇಲೆ ತಲುಪಿ ಮತ್ತೆ ಕೆಳಕ್ಕೆ ತಿರುಗುವಾಗ ಬೆರಳ ಬದಿಯೇ ಒಳಬದಿ ಆಗುತ್ತದೆ. ಹುಟ್ಟು ಆಗಲೇ ಅಲ್ಲಿದೆ! ಊರಿ ತಿರುಗಿದರೆ ಆಯಿತು. ಅದಕ್ಕೇ ಸಪ್‌ನಲ್ಲಿ ಬ್ಯಾಕ್‌ಸೈಡ್ ಬಾಟಮ್ ಟರ್ನ್ ಕಷ್ಟವಾದರೂ ಬ್ಯಾಕ್‌ಸೈಡ್ ಟಾಪ್ ಟರ್ನ್ ಬಹಳ ಜನಕ್ಕೆ ಬೇಗ ಒಲಿಯುತ್ತದೆ.

ಟಾಪ್ ಟರ್ನ್ ಯಾವಾಗ ಶುರು ಮಾಡಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಮೊದಲು. ಸಪ್ ಬೋರ್ಡ್ ಉದ್ದ, ತಿರುಗಲು ಹೊತ್ತು ಬೇಕು. ತೆರೆಯ ತುದಿ ತಲುಪಿದ ಮೇಲೆ ಶುರುಮಾಡಿದರೆ ತೆರೆಯ ಹಿಂದಕ್ಕೆ ಹಾರಿಹೋಗುತ್ತೀರಿ. ಮೂತಿ ತುದಿಯ ಹತ್ತಿರ ಬರುತ್ತಿದ್ದಂತೆ ಕಣ್ಣು ಕೆಳಕ್ಕೆ, ದಡದ ಕಡೆಗೆ ಹೋಗಬೇಕು. ಭಾರ ಹಿಂದಿನ ಕಾಲಿಗೆ ಬಂದು, ಇನ್ನೊಂದು ರೈಲ್‌ಗೆ ದಾಟಬೇಕು.

ಫ್ರಂಟ್‌ಸೈಡ್‌ನವರು ಇಲ್ಲಿ ಹುಟ್ಟನ್ನು ಹಿಮ್ಮಡಿಯ ಬದಿಗೆ ದಾಟಿಸಬಹುದು, ಇಲ್ಲವೇ ಬೆರಳ ಬದಿಯಲ್ಲೇ ಇಟ್ಟು ತೆರೆಯ ಮೈಗೆ ಬ್ಲೇಡ್ ಒತ್ತಿ ಬೋರ್ಡನ್ನು ಆಚೆಗೆ ತಳ್ಳಬಹುದು. ಎರಡನೆಯದು ಮೊದಲು ಕಲಿಯಿರಿ.

ಕಟ್‌ಬ್ಯಾಕ್‌ಗೂ ಟಾಪ್ ಟರ್ನ್‌ಗೂ ಏನು ವ್ಯತ್ಯಾಸ?

ಟಾಪ್ ಟರ್ನ್ ಆಗುವುದು ತೆರೆಯ ಕಡಿದಾದ ಭಾಗದಲ್ಲಿ. ಕೆಲವು ಸಲ ನೀವು ತೆರೆಗಿಂತ ಜೋರಾಗಿ ಓಡಿ ಅದರ ಭುಜಕ್ಕೆ, ಅಂದರೆ ಇನ್ನೂ ಮುರಿಯದ ಸಪ್ಪೆ ಭಾಗಕ್ಕೆ ಬಂದುಬಿಡುತ್ತೀರಿ. ಅಲ್ಲಿ ಬಲ ಇಲ್ಲ, ಬೋರ್ಡ್ ನಿಧಾನ ನಿಂತೇ ಹೋಗುತ್ತದೆ. ಆಗ ಹಿಂದಕ್ಕೆ, ನೊರೆಯ ಕಡೆಗೆ ತಿರುಗಿ ಬಲ ಇರುವ ಜಾಗಕ್ಕೆ ವಾಪಸ್ ಬರುವುದು ಕಟ್‌ಬ್ಯಾಕ್. ಇದನ್ನು ಜರ್ಕ್ ಹೊಡೆದು ಮಾಡಬಾರದು. ವೇಗ ಇನ್ನೂ ಉಳಿದಿರುವಾಗಲೇ ಶುರುಮಾಡಿ, ನೊರೆ ಮುಖದ ಎದುರಿಗೆ ಬರುವವರೆಗೆ ರೈಲ್ ಮೇಲೆಯೇ ಇರಿ. ಅರ್ಧಕ್ಕೆ ನೆಟ್ಟಗಾಗುವ ಅಭ್ಯಾಸ ಬಹಳ ಜನಕ್ಕಿದೆ.

ಹಾಗೆ ಬಂದು ನೊರೆಗೆ ಬೋರ್ಡ್ ತಾಗಿಸಿ, ಅದರಿಂದ ಪುಟಿದು ಮತ್ತೆ ಮೊದಲಿನ ದಿಕ್ಕಿಗೆ ತಿರುಗಿದರೆ ರೌಂಡ್‌ಹೌಸ್. ಮೇಲಿನಿಂದ ನೋಡಿದರೆ ಇಂಗ್ಲಿಷ್ ಅಂಕಿ ಎಂಟನ್ನು ಮಲಗಿಸಿ ಬರೆದ ಹಾದಿ.

ತಿರುಗುವ ಮೊದಲೇ ಬೋರ್ಡಿನ ಮೂತಿ ಮುಳುಗುತ್ತದೆ. ಏನು ಮಾಡಲಿ?

ಭಾರ ಮುಂದಿದೆ, ಅಥವಾ ತಡವಾಗಿ ತೆರೆ ಹಿಡಿಯುತ್ತಿದ್ದೀರಿ. ಕಾಲು ಬೇಗ ಹಿಂದಿಡಿ, ಓರೆಯಾಗಿ ಇಳಿಯಿರಿ.

ಯಾವ ಬೋರ್ಡ್, ಯಾವ ಫಿನ್, ಎಷ್ಟು ಉದ್ದದ ಹುಟ್ಟು?

ಹೊಳೆಯಲ್ಲಿ ಬಳಸುವ 10 ಅಡಿ 6 ಇಂಚು ಉದ್ದ, 32 ಇಂಚು ಅಗಲದ ಆಲ್‌ರೌಂಡ್ ಬೋರ್ಡಿನಲ್ಲಿಯೇ ಬಾಟಮ್ ಟರ್ನ್ ಕಲಿಯಬಹುದು. ಅದು ಕೈಗೆ ಬಂದ ಮೇಲೆ 8 ರಿಂದ 9 ಅಡಿಯ ಸರ್ಫ್ ಸಪ್ ನೋಡಿ. ಉದ್ದಕ್ಕಿಂತ ಲೀಟರ್ ಲೆಕ್ಕ ಮುಖ್ಯ. ಒಂದು ಲೀಟರ್ ಗಾತ್ರ ಹೆಚ್ಚುಕಡಿಮೆ ಒಂದು ಕಿಲೋ ಭಾರ ತೇಲಿಸುತ್ತದೆ. 70 ಕಿಲೋ ಇರುವವರು ಮೊದಲ ಸರ್ಫ್ ಬೋರ್ಡ್‌ಗೆ 110 ಲೀಟರ್‌ಗಿಂತ ಕೆಳಗೆ ಹೋಗದಿದ್ದರೆ ನೆಮ್ಮದಿ. ಅಂಗಡಿಯವರು ಚಿಕ್ಕ ಬೋರ್ಡ್ ಬೇಗ ತಿರುಗುತ್ತದೆ ಅನ್ನುತ್ತಾರೆ. ನಿಜ, ಆದರೆ ಅದರ ಮೇಲೆ ನಿಲ್ಲಲೇ ಆಗದಿದ್ದರೆ ಏನು ಬಂತು?

ನಡುವೆ ಒಂದೇ ದೊಡ್ಡ ಫಿನ್ ಇದ್ದರೆ ಬೋರ್ಡ್ ನೇರ ಹೋಗುತ್ತದೆ, ಹಟಮಾರಿಯಾಗಿ ತಿರುಗುತ್ತದೆ. ನಡುವಿನ ಫಿನ್ ಚಿಕ್ಕದು ಮಾಡಿ ಎರಡು ಬದಿಗೂ ಒಂದೊಂದು ಹಾಕಿದರೆ ಬೇಗ ತಿರುಗುತ್ತದೆ. ಹೊಸ ಬೋರ್ಡ್ ಕೊಳ್ಳುವ ಮೊದಲು ಫಿನ್ ಬದಲಿಸಿ ನೋಡಿ.

ಹುಟ್ಟು ಹೊಳೆಗೆ ನಿಮ್ಮ ಎತ್ತರಕ್ಕಿಂತ ಸುಮಾರು 20 ರಿಂದ 25 ಸೆಂಟಿಮೀಟರ್ ಜಾಸ್ತಿ ಇರಬಹುದು. ತೆರೆಗೆ ಅಷ್ಟು ಬೇಡ, 10 ಸೆಂಟಿಮೀಟರ್ ಆಸುಪಾಸು ಸಾಕು. ಮೊಣಕಾಲು ಬಾಗಿ ಕುಗ್ಗಿರುತ್ತೀರಲ್ವಾ, ಉದ್ದದ ಹುಟ್ಟು ಅಡ್ಡ ಬರುತ್ತದೆ. ಉದ್ದ ಹೆಚ್ಚು ಕಡಿಮೆ ಮಾಡುವ ಹುಟ್ಟಿದ್ದರೆ ಎರಡಕ್ಕೂ ಅದೇ ಆದೀತು.

ಗಾಳಿ ತುಂಬುವ ಬೋರ್ಡ್ ಆಗುತ್ತದೆಯೇ?

ಚಿಕ್ಕ ತೆರೆಗೆ ಆಗುತ್ತದೆ. ಆದರೆ ಅದರ ಅಂಚು ದಪ್ಪ, ದುಂಡು, ಸಾಮಾನ್ಯವಾಗಿ 12 ರಿಂದ 15 ಸೆಂಟಿಮೀಟರ್. ಅದು ನೀರನ್ನು ಕಚ್ಚಿ ಹಿಡಿಯುವುದಿಲ್ಲ. ನಿಮ್ಮ ತಿರುವು ಸರಿ ಇದ್ದರೂ ಬೋರ್ಡ್ ಜಾರುತ್ತದೆ, ತಪ್ಪು ನಿಮ್ಮದೇ ಅಂದುಕೊಳ್ಳುತ್ತೀರಿ. ತಿರುವು ಕಲಿಯಲು ಗಟ್ಟಿ ಬೋರ್ಡೇ ಒಳ್ಳೆಯದು.

ಕಾಸರಗೋಡು ಜಿಲ್ಲೆಯಲ್ಲಿ ಎಲ್ಲಿ, ಯಾವ ಹೊತ್ತಿನಲ್ಲಿ ಕಲಿಯಬಹುದು?

ಬಡಗಿನಲ್ಲಿ ಮಂಜೇಶ್ವರದ ಕಣ್ವತೀರ್ಥ. ಅಲ್ಲಿ ದಡ ನಿಧಾನಕ್ಕೆ ಇಳಿಜಾರಾಗಿದೆ. ಶಾಂತ ದಿನಗಳಲ್ಲಿ ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ತೆಂಕಿಗೆ ಬೇಕಲದ ಹತ್ತಿರ ಕಾಪ್ಪಿಲ್ ಇದೆ, ಜನ ಕಡಿಮೆ. ಬೇಕಲ ಕೋಟೆಯ ಬದಿಯ ಬೀಚ್‌ನಲ್ಲಿ ರಜಾದಿನ ಈಜುವವರು, ಮಕ್ಕಳು ತುಂಬಿರುತ್ತಾರೆ. ಅಲ್ಲಿ ತಿರುವು ಕಲಿಯುವುದು ಬೇಡ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆಯ ಬುಡದಲ್ಲಿ ಬಂಡೆಗಳೂ ಇವೆ. ಕಡಲ್ಕೊರೆತ ತಡೆಯಲು ಕಲ್ಲು ರಾಶಿ ಹಾಕಿದ ದಡಗಳಿಗೆ ಹೋಗಲೇಬೇಡಿ. ತೆರೆ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ, ಇಳಿಯಲು ಜಾಗವೂ ಇರುವುದಿಲ್ಲ.

ಹೊತ್ತು ಅಂದರೆ ಬೆಳಗ್ಗೆ. ರಾತ್ರಿ ತಂಪಾದ ನೆಲದಿಂದ ಕಡಲಿಗೆ ಬೀಸುವ ಗಾಳಿ ತೆರೆಯ ಮೈಯನ್ನು ನುಣುಪಾಗಿಡುತ್ತದೆ. ಬಿಸಿಲು ಏರಿದಂತೆ ಗಾಳಿ ಕಡಲಿನಿಂದ ನೆಲಕ್ಕೆ ತಿರುಗುತ್ತದೆ, ನೀರು ಕೆದರುತ್ತದೆ. ನಮ್ಮಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ದಾಟುವುದು ಕಡಿಮೆ. ಆದರೂ ಮರಳ ದಿಣ್ಣೆಯ ಮೇಲೆ ತೆರೆ ಹೇಗೆ ಮುರಿಯುತ್ತದೆ ಎಂಬುದು ಅಷ್ಟಕ್ಕೇ ಬದಲಾಗುತ್ತದೆ. ಇಳಿತದಲ್ಲಿ ಒಮ್ಮೆ ನಡೆದು ನೋಡಿ, ದಿಣ್ಣೆ ಎಲ್ಲಿದೆ ಅಂತ ಕಾಣುತ್ತದೆ. ಪ್ರತಿ ಮಳೆಗಾಲ ಅದನ್ನು ಅಳಿಸಿ ಬೇರೆ ಕಡೆ ಕಟ್ಟುತ್ತದೆ.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಕಡಲು ಸೌಮ್ಯ. ಏಪ್ರಿಲ್, ಮೇ ತಿಂಗಳಲ್ಲಿ ಎಚ್ಚರ ಬೇಕು. ಇಲ್ಲಿ ಮಳೆಯೂ ಇಲ್ಲ, ಗಾಳಿಯೂ ಇಲ್ಲ, ಇದ್ದಕ್ಕಿದ್ದಂತೆ ದೊಡ್ಡ ತೆರೆಗಳು ದಡಕ್ಕೆ ಏರಿ ಬರುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಹಿಂದೂ ಮಹಾಸಾಗರದ ತೆಂಕು ತುದಿಯಲ್ಲಿ ಬೀಸಿದ ಬಿರುಗಾಳಿ ಎಬ್ಬಿಸಿದ ತೆರೆಗಳು ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿಗೆ ಬಂದು ಮುಟ್ಟುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಹಿಂದಿನ ರಾತ್ರಿ ನೋಡಿ, ಎಚ್ಚರಿಕೆ ಇದ್ದರೆ ಮನೆಯಲ್ಲಿರಿ.

ಅಳಿವೆಬಾಗಿಲಿನಲ್ಲಿ ಒಳ್ಳೆಯ ತೆರೆ ಕಾಣುತ್ತದೆ. ಅಲ್ಲಿ ಹೋಗಬಹುದೇ?

ಕಾಣುವುದು ನಿಜ. ಹೊಳೆ ತಂದ ಮರಳು ಅಲ್ಲಿ ದಿಣ್ಣೆ ಕಟ್ಟುತ್ತದೆ, ಅದರ ಮೇಲೆ ತೆರೆ ಸೊಗಸಾಗಿ ಮುರಿಯುತ್ತದೆ. ಆದರೆ ಇಳಿತದಲ್ಲಿ ಹೊಳೆಯ ನೀರೆಲ್ಲ ಆ ಕಿರಿದಾದ ಬಾಯಿಯಿಂದ ಕಡಲಿಗೆ ಎಳೆಯುತ್ತದೆ. ಬೋರ್ಡ್ ಕೈತಪ್ಪಿದರೆ ನೀವೂ ಹೊರಗೆ ಹೋಗುತ್ತೀರಿ. ಮೀನುಗಾರಿಕೆ ದೋಣಿಗಳ ದಾರಿಯೂ ಅದೇ. ಕಲಿಯುವವರು ಅಲ್ಲಿ ಇಳಿಯುವುದು ಬೇಡ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಒಂದೇ ತೆರೆಗೆ ಇಬ್ಬರು ಹೋದರೆ ಯಾರದು ಹಕ್ಕು? ಮೀನುಗಾರರ ಬಲೆ ಇದ್ದರೆ?

ತೆರೆ ಮುರಿಯಲು ಶುರುವಾಗುವ ಜಾಗಕ್ಕೆ ಯಾರು ಹತ್ತಿರವೋ ಅವರದು. ಸಪ್‌ನವರು ದೂರದಿಂದಲೇ ತೆರೆ ಹಿಡಿಯಬಲ್ಲರು, ಅದಕ್ಕೇ ಬೇರೆ ಸರ್ಫರ್‌ಗಳಿಗೆ ಸಿಟ್ಟು. ಎರಡು ತೆರೆ ಹಿಡಿದರೆ ಒಂದು ಬಿಟ್ಟುಕೊಡಿ.

ಬಲೆಯ ವಿಷಯದಲ್ಲಿ ಹಕ್ಕಿನ ಮಾತೇ ಇಲ್ಲ. ಮೀನುಗಾರರು ದಡದಿಂದ ಬಲೆ ಬೀಸಿ ಎಳೆಯುತ್ತಿದ್ದರೆ ಆ ಜಾಗ ಬಿಟ್ಟು ದೂರ ಹೋಗಿ. ಫಿನ್‌ಗೆ ಬಲೆ ಸಿಕ್ಕಿದರೆ ನಿಮಗೂ ಅಪಾಯ, ಅವರ ಒಂದು ದಿನದ ದುಡಿಮೆಯೂ ಹಾಳು. ಇಳಿಯುವ ಮೊದಲು ಅಲ್ಲಿದ್ದವರನ್ನು ಮಾತಾಡಿಸಿ. ಇವತ್ತು ಸೆಳೆತ ಯಾವ ಕಡೆಗಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಬೀಳುವುದನ್ನು ಹೇಗೆ ಕಲಿಯುವುದು? ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಯಾವುದು ಬೇಕು?

ಬೋರ್ಡಿನ ಮುಂದೆ ಬೀಳಬೇಡಿ, ಅದು ತೆರೆಯ ಬಲದಲ್ಲಿ ನಿಮ್ಮ ಮೇಲೆ ಬರುತ್ತದೆ. ಹಿಂದಕ್ಕೆ, ಕಡಲಿನ ಬದಿಗೆ ಬೀಳಿ. ತಲೆ ಮುಂದಾಗಿ ಧುಮುಕಬೇಡಿ, ಅಡಿ ಎಷ್ಟು ಆಳ ಅಂತ ತಿಳಿಯುವುದಿಲ್ಲ. ಮೈ ಅಗಲ ಮಾಡಿ ಚಪ್ಪಟೆಯಾಗಿ ಬೀಳಿ, ಏಳುವಾಗ ಒಂದು ಕೈ ತಲೆಯ ಮೇಲಿರಲಿ.

ಲೀಶ್ ಹಿಂದಿನ ಕಾಲಿಗೆ. ಬೋರ್ಡ್ ಎಷ್ಟು ಉದ್ದವೋ ಲೀಶ್ ಹೆಚ್ಚುಕಡಿಮೆ ಅಷ್ಟೇ ಉದ್ದ ಇರಲಿ, ನೇರ ಹಗ್ಗದ್ದೇ ಆಗಲಿ. ಸುರುಳಿ ಲೀಶ್ ಹೊಳೆಗೆ ಸರಿ. ತೆರೆಯಲ್ಲಿ ಎಳೆದು ಬಿಟ್ಟಾಗ ಬೋರ್ಡನ್ನು ರಪ್ಪನೆ ನಿಮ್ಮ ಕಡೆಗೇ ತರುತ್ತದೆ. ಹಿಂದೆ ಯಾರಾದರೂ ಇದ್ದಾಗ ಬೋರ್ಡ್ ಬಿಟ್ಟು ಧುಮುಕುವುದು ದೊಡ್ಡ ತಪ್ಪು. ಬೋರ್ಡ್ ಮತ್ತು ಲೀಶ್ ಎರಡೂ ಸೇರಿದರೆ ಇಪ್ಪತ್ತು ಅಡಿ ದೂರದವರಿಗೂ ತಾಗುತ್ತದೆ.

ಸೆಳೆತಕ್ಕೆ ಸಿಕ್ಕಿದರೆ ಬೋರ್ಡ್ ಮೇಲೆ ಮಲಗಿ, ದಡಕ್ಕೆ ಸಮನಾಗಿ ಬದಿಗೆ ಈಜಿ, ನೊರೆ ಕಾಣುವ ಕಡೆಯಿಂದ ಒಳಗೆ ಬನ್ನಿ. ದಡದಲ್ಲಿರುವ ಗೆಳೆಯರ ಹತ್ತಿರ 112 ಮತ್ತು ಕೋಸ್ಟ್ ಗಾರ್ಡಿನ 1554 ಎರಡೂ ನಂಬರ್ ಇರಲಿ. ಒಬ್ಬರೇ ಇಳಿಯಬೇಡಿ.

ಸ್ಪರ್ಧೆಗಳಲ್ಲಿ ತಿರುವಿಗೆ ಹೇಗೆ ಅಂಕ ಕೊಡುತ್ತಾರೆ?

ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆ ಐಎಸ್‌ಎ 2012ರಲ್ಲಿ ಪೆರುವಿನ ಲಿಮಾದಲ್ಲಿ ಮೊದಲ ವಿಶ್ವ ಸಪ್ ಚಾಂಪಿಯನ್‌ಶಿಪ್ ನಡೆಸಿತು. ಸಪ್ ಸರ್ಫಿಂಗ್‌ನಲ್ಲಿ ತಿರುವಿನ ವೇಗ, ಬಲ, ಹರಿವಿನ ಜೊತೆಗೆ ಹುಟ್ಟನ್ನು ತಿರುವಿಗೆ ಎಷ್ಟು ಬಳಸಿಕೊಂಡರು ಎಂಬುದನ್ನೂ ತೀರ್ಪುಗಾರರು ನೋಡುತ್ತಾರೆ. ಹುಟ್ಟನ್ನು ಗಾಳಿಯಲ್ಲಿ ಹಿಡಿದು ಬರೀ ಕಾಲಿನಿಂದ ಸರ್ಫ್ ಮಾಡಿದರೆ ಸಾಲದು. ಬ್ರೆಜಿಲ್‌ನ ಕಾಯೋ ವಾಜ್, ಹವಾಯಿಯ ಕೈ ಲೆನಿ ಅವರ ವಿಡಿಯೋ ನೋಡುವಾಗ ಬೋರ್ಡ್ ಬಿಟ್ಟು ಬ್ಲೇಡನ್ನಷ್ಟೇ ಗಮನಿಸಿ. ನಿಧಾನ ಮಾಡಿ ನೋಡಿದರೆ ಎಲ್ಲಿ ಊರುತ್ತಾರೆ, ಯಾವಾಗ ಎತ್ತುತ್ತಾರೆ ಅಂತ ತಿಳಿಯುತ್ತದೆ. ಹತ್ತಿರದಲ್ಲೇ ನೋಡಬೇಕೆಂದರೆ ಮೂಲ್ಕಿ ಬಳಿಯ ಸಸಿಹಿತ್ಲು. 2016ರಿಂದ ಅಲ್ಲಿ ಹಲವು ಸಲ ಇಂಡಿಯನ್ ಓಪನ್ ಸರ್ಫಿಂಗ್ ನಡೆದಿದೆ.

ಮಳೆಗಾಲದಲ್ಲಿ ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯಬೇಡಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಆ ದೋಣಿಗಳೇ ದಡದಲ್ಲಿರುತ್ತವೆ. ಹೊಳೆಗಳೂ ಆಗ ಕೆಂಪಾಗಿ ತುಂಬಿ ಹರಿಯುತ್ತವೆ, ಅಲ್ಲೂ ಬೇಡ.

ಮನೆಯಲ್ಲಿ ಮಾಡುವುದು ಬಹಳ ಇದೆ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬೋರ್ಡಿನ ಆಕಾರ ಬರೆದು ಅದರೊಳಗೆ ಕಾಲು ಜಾರಿಸುವುದನ್ನು ಅಭ್ಯಾಸ ಮಾಡಿ. ಹುಟ್ಟಿನ ಬದಲು ಒಂದು ಉದ್ದ ಕೋಲು ಸಾಕು. ಬದಿ ಬದಲಿಸುವಾಗ ಕೋಲು ಎದೆಯ ಮುಂದೆ ನೆಟ್ಟಗೆ ಬರಲಿ. ಮೇಲಿನ ಕೈ ಕೆಳಕ್ಕೆ, ಕೆಳಗಿನ ಕೈ ಮೇಲಕ್ಕೆ, ಕೋಲು ಒಂದು ಕ್ಷಣವೂ ಎರಡೂ ಕೈ ಬಿಟ್ಟು ಇರಬಾರದು. ಕಣ್ಣು ಕೋಲಿನ ಮೇಲೆ ಇರಬಾರದು, ಎದುರಿನ ಗೋಡೆಯ ಮೇಲಿರಲಿ. ಸ್ಕೇಟ್‌ಬೋರ್ಡ್ ಇದ್ದರೆ, ಮುಂದಿನ ಚಕ್ರ ಸಡಿಲವಾಗಿ ತಿರುಗುವ ಸರ್ಫ್‌ಸ್ಕೇಟ್ ಆದರಂತೂ, ಭುಜದಿಂದ ಸೊಂಟ, ಸೊಂಟದಿಂದ ಕಾಲು ಎಂಬ ಸರಣಿ ಮೈಗೆ ಹತ್ತುತ್ತದೆ. ಹೆಲ್ಮೆಟ್ ಹಾಕಿ, ಒಣ ನೆಲದಲ್ಲಿ ಮಾತ್ರ. ಪಾಚಿ ಹಿಡಿದ ಅಂಗಳದಲ್ಲಿ ಬೇಡ.